ಮೀನು ಕೈಗೆ ಬರುವ ಮುನ್ನ

ಗಾಳದ ಪ್ರವಾಸ ಮುಗಿಸಿ ಬಂದವರ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಕರಿ ಕನ್ನಡಕ, ಟೋಪಿ, ಹಲ್ಲು ಕಾಣುವ ನಗು, ಎರಡೂ ಕೈಗಳನ್ನು ಕ್ಯಾಮೆರಾದತ್ತ ಚಾಚಿ ಹಿಡಿದ ಮೀನು. ಕೈ ಮುಂದೆ ಚಾಚುವುದರ ಗುಟ್ಟು ಎಲ್ಲರಿಗೂ ಗೊತ್ತು: ಲೆನ್ಸಿಗೆ ಹತ್ತಿರ ಬಂದಷ್ಟೂ ಎರಡು ಕಿಲೋದ ಮೀನು ನಾಲ್ಕು ಕಿಲೋದಂತೆ ಕಾಣುತ್ತದೆ. ಹಿಂದಿರುವ ನೀರು ಯಾವುದು, ಕಾವೇರಿಯೋ, ತುಂಗಭದ್ರೆಯೋ, ಊರ ಹಿಂದಿನ ಕೆರೆಯೋ, ಆ ಚಿತ್ರ ಹೇಳುವುದಿಲ್ಲ. ನೂರಾರು ಕಿಲೋಮೀಟರ್ ಹೋಗಿ, ನಸುಕಿನಲ್ಲಿ ಎದ್ದು, ದಿನವಿಡೀ ದಂಡೆಯಲ್ಲಿ ಕಾದು ತಂದದ್ದು ಮನೆಯ ಹಿತ್ತಲಲ್ಲೇ ತೆಗೆಯಬಹುದಾಗಿದ್ದ ಚಿತ್ರವಾದರೆ ಅಷ್ಟು ದೂರ ಹೋಗಿದ್ದಾದರೂ ಏಕೆ? ಈ ಲೇಖನದ ವಾದ ಸರಳ. ಮೀನು ಹಿಡಿಯುವುದನ್ನು ಚಿತ್ರಿಸುವವರ ಕೆಲಸದ ಬಹುಪಾಲು ಮೀನು ಕೈಗೆ ಬರುವ ಮುನ್ನವೇ ಮುಗಿದಿರಬೇಕು. ನೀರು, ಬೆಳಕು, ದಾರ, ಬಲೆ, ಹಿಡಿಯುವವರ ಮೈಯ ಭಂಗಿ, ಇವಿಷ್ಟರಲ್ಲೇ ಚಿತ್ರವಿದೆ. ಮೀನು ಬಂದರೆ ಒಂದು ಕ್ಲಿಕ್ಕು ಸಾಕು, ಬಾರದಿದ್ದರೂ ನಷ್ಟವಿಲ್ಲ.

ಫ್ಲೈ ಫಿಶಿಂಗ್ ಎಂದರೆ ಎರೆಹುಳು ಚುಚ್ಚಿ ಗಾಳ ಇಳಿಬಿಟ್ಟು ಕೂರುವ ಆಟವಲ್ಲ. ಗರಿ, ಕೂದಲು, ನೂಲು ಸುತ್ತಿ ಕಟ್ಟಿದ ಹುಸಿ ನೊಣಕ್ಕೆ ತೂಕವೇ ಇರುವುದಿಲ್ಲ. ತೂಕವಿರುವುದು ದಪ್ಪ ದಾರಕ್ಕೆ. ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಕುಣಿಕೆಯಾಕಾರದಲ್ಲಿ ಬಿಚ್ಚಿಸಿ, ನೊಣವನ್ನು ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಕರ್ನಾಟಕದಲ್ಲಿ ಇಂಥ ಹವ್ಯಾಸದ ಬೇರು ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆಮೇಲಿನ ಕಾಲಕ್ಕೆ ಹವ್ಯಾಸಿಗಳ ತೀರ್ಥಕ್ಷೇತ್ರವಾದದ್ದು ಕಾವೇರಿ: ಕೊಡಗಿನ ವಾಲ್ನೂರು, ಕೆಳಗೆ ಭೀಮೇಶ್ವರಿ, ಗಾಳಿಬೋರೆಯ ಗಾಳದ ಕ್ಯಾಂಪುಗಳು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅಂಥ ಕ್ಯಾಂಪುಗಳಿಲ್ಲ. ಆದರೆ ಹಿಡಿಯುವುದನ್ನು ಚಿತ್ರಿಸಲು ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಒಂದು ಕಡೆ ತುಂಗಭದ್ರೆ, ಅದರ ಕೆಳಗೆ ಕಡಲಿನಂತೆ ಹರಡಿದ ಹಿನ್ನೀರು, ಒಳನಾಡಿನಲ್ಲಿ ಮಳೆ ನಂಬಿದ ಕೆರೆಗಳು, ದಿನಾ ಬೆಳಗಾದರೆ ಹರಿಗೋಲು ನೀರಿಗಿಳಿಸುವ ಜನ. ಗಾಳಿಯಲ್ಲಿ ಬಿಚ್ಚಿಕೊಳ್ಳುವ ಫ್ಲೈ ದಾರವನ್ನು ಹಿಡಿಯುವ ಕಣ್ಣಿಗೂ ಗಾಳಿಯಲ್ಲಿ ಅರಳುವ ಬೀಸುಬಲೆಯನ್ನು ಹಿಡಿಯುವ ಕಣ್ಣಿಗೂ ಬೇಕಾದ ಅಭ್ಯಾಸ ಒಂದೇ.

ಮೀನಿನ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದಕ್ಕೆ ಕಾವೇರಿ ಕಣಿವೆಯೇ ಸಾಕ್ಷಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಎಂಬ ಮೀನು ಹಿಡಿದದ್ದು ಇಂದಿಗೂ ದಾಖಲೆಯೆಂದು ಹೇಳಲಾಗುತ್ತದೆ. ಅಂಥ ಮೀನುಗಳ ಪಕ್ಕ ನಿಂತವರ ಚಿತ್ರಗಳು ಹಲವು ಪುಸ್ತಕಗಳಲ್ಲಿವೆ. ಅವುಗಳಿಂದ ಮೀನು ದೊಡ್ಡದಿತ್ತು ಎಂದು ತಿಳಿಯುತ್ತದೆ. ಅದು ಕಡಿಮೆಯಾಗುತ್ತಿತ್ತೇ ಎಂದು ತಿಳಿಯುವುದಿಲ್ಲ. ಅದನ್ನು ಹೇಳಿದ್ದು ಗಾಳಿಬೋರೆ ಕ್ಯಾಂಪಿನ ರಿಜಿಸ್ಟರು. 1998ರಿಂದ 2012ರವರೆಗೆ ಅಲ್ಲಿ ಗಾಳ ಹಾಕಿದವರು ಎಷ್ಟು ಹೊತ್ತು ಕಾದರು, ಏನು ಸಿಕ್ಕಿತು, ಎಷ್ಟು ತೂಗಿತು ಎಂದು ಬರೆದಿಡುತ್ತಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಆ ಲೆಕ್ಕವನ್ನು ಸಂಶೋಧಕರು ಕೂಡಿಸಿ ನೋಡಿದಾಗ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋದದ್ದು ಬಯಲಾಯಿತು. ಆ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಲೋಕಪ್ರಸಿದ್ಧ ಮೀನೊಂದು ಹೆಸರೇ ಗಟ್ಟಿಯಿಲ್ಲದೆ ಅಷ್ಟು ದಶಕ ಫೋಟೊಗೆ ನಿಂತಿತ್ತು! ಎಲ್ಲಿ, ಯಾವಾಗ, ಎಂಥ ನೀರಿನಲ್ಲಿ ಎಂಬುದಿಲ್ಲದ ಚಿತ್ರಕ್ಕೆ ಆಯುಷ್ಯ ಕಡಿಮೆ ಎನ್ನುವುದು ಇದಕ್ಕೇ.

ಎರಡನೆಯ ಸಾಕ್ಷ್ಯ ಮೀನಿನ ಉಸಿರಿನದು. ಹಿಡಿದು ಬಿಟ್ಟುಬಿಡುತ್ತೇವೆ, ಹಿಂಸೆಯಿಲ್ಲ ಎನ್ನುವುದು ಹವ್ಯಾಸಿಗಳ ಮಾತು. ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವೆ ನಿಂತಿರುವವರು ಫೋಟೊಗ್ರಾಫರ್. ಕೆನಡಾದಲ್ಲಿ 1992ರಲ್ಲಿ ಪ್ರಕಟವಾದ ಫರ್ಗುಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗವನ್ನು ಈ ವಿಷಯ ಬಂದಾಗಲೆಲ್ಲ ನೆನೆಯುತ್ತಾರೆ. ಟ್ರೌಟ್ ಮೀನುಗಳನ್ನು ದಣಿಸಿ ಮತ್ತೆ ನೀರಿಗೇ ಬಿಟ್ಟಾಗ ಹನ್ನೆರಡು ಗಂಟೆಯ ನಂತರ ನೂರಕ್ಕೆ 88 ಬದುಕಿದ್ದವು. ದಣಿದ ಮೇಲೆ 30 ಸೆಕೆಂಡು ಗಾಳಿಗೆ ಹಿಡಿದವುಗಳಲ್ಲಿ ಉಳಿದದ್ದು 62. ಒಂದು ನಿಮಿಷ ಹಿಡಿದವುಗಳಲ್ಲಿ 28. ‘ಸ್ವಲ್ಪ ಈಕಡೆ ತಿರುಗು, ಟೋಪಿ ಎತ್ತು, ಇನ್ನೊಂದು ತೆಗೀತೀನಿ’ ಎನ್ನುವಷ್ಟರಲ್ಲಿ ನಿಮಿಷ ಕಳೆದಿರುತ್ತದೆ. ಇದಕ್ಕೆ ಆಕ್ಷೇಪವೂ ಇದೆ, ಅದು ಹಗುರವಾದದ್ದೂ ಅಲ್ಲ. ಟ್ರೌಟ್ ತಣ್ಣೀರಿನ ನಾಜೂಕು ಮೀನು. ಪ್ರಯೋಗ ನಡೆದದ್ದು ತೊಟ್ಟಿಯಲ್ಲಿ. ಕಾವೇರಿಯ ನೀಲಿರೆಕ್ಕೆ ಮಹಶೀರ್ ಮೇಲೆ ಆಮೇಲೆ ನಡೆದ ಅಧ್ಯಯನದಲ್ಲಿ ಬಿಟ್ಟ ಮೀನುಗಳು ಬಹುಮಟ್ಟಿಗೆ ಬದುಕುಳಿದವು. ನಿಜ. ಆದರೆ ಆ ಅಧ್ಯಯನ ಹೇಳುವುದು ಜೋಪಾನವಾಗಿ ಹಿಡಿದು ಬಿಟ್ಟ ಮೀನಿನ ಕಥೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಯಲುಸೀಮೆಯ ಏಪ್ರಿಲ್ ನೀರಿಗೆ ಕೈ ಅದ್ದಿ ನೋಡಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಮೀನು ಗಟ್ಟಿಯಿದ್ದರೂ ಅದರ ಗಟ್ಟಿತನವನ್ನು ಒಂದು ಫೋಟೊಗಾಗಿ ಪರೀಕ್ಷಿಸುವ ಹಕ್ಕು ನಮಗಿದೆಯೇ ಎಂಬುದು ಪ್ರಶ್ನೆ. ಚಿತ್ರ ಮೊದಲೇ ಆಗಿಹೋಗಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಮೊದಲೇ ತೆಗೆಯಬೇಕಾದದ್ದು ಏನು? ನೀರನ್ನು. ಅದಕ್ಕೆ ಕ್ಯಾಮೆರಾಕ್ಕಿಂತ ಮೊದಲು ಜಲಾಶಯದ ಲೆಕ್ಕ ಗೊತ್ತಿರಬೇಕು. ತುಂಗಭದ್ರಾ ಅಣೆಕಟ್ಟೆಯ ಪೂರ್ಣ ಮಟ್ಟ 1,633 ಅಡಿ. ಈ ಐದು ತಾಲ್ಲೂಕುಗಳ ಮೇಲೆ ಮೋಡ ಮುನಿಸಿಕೊಂಡಿರುವಾಗಲೂ ಮಲೆನಾಡಿನಲ್ಲಿ ಮಳೆ ಹಿಡಿದರೆ ಜುಲೈ, ಆಗಸ್ಟಿನಲ್ಲಿ ಹಿನ್ನೀರು ಏರಿ ಬರುತ್ತದೆ. ನಿನ್ನೆ ಕುರಿ ಮೇಯುತ್ತಿದ್ದ ಹುಲ್ಲುಗಾವಲು ಇಂದು ಮೊಣಕಾಲುದ್ದ ನೀರು. ಜಾಲಿ ಕಂಟಿಗಳು ಸೊಂಟದವರೆಗೆ ಮುಳುಗಿ ನಿಲ್ಲುತ್ತವೆ. ಹರಿಗೋಲು ಅವುಗಳ ನಡುವೆ ನುಸುಳುತ್ತದೆ. ಚಿತ್ರಕ್ಕೆ ಆಳ ಕೊಡುವ ಕಾಲ ಇದು: ಮುಂದೆ ಕಂಟಿ, ನಡುವೆ ಹರಿಗೋಲು, ಹಿಂದೆ ಮಬ್ಬು ಗುಡ್ಡ. ಅಕ್ಟೋಬರಿನಿಂದ ಜನವರಿಯವರೆಗೆ ನೀರು ತುಂಬಿದ್ದು, ಗಾಳಿ ಕಡಿಮೆಯಾಗಿ, ಬೆಳಗಿನ ಹೊತ್ತು ಕನ್ನಡಿಯಂತಿರುತ್ತದೆ. ಮಾರ್ಚ್ ಕಳೆದರೆ ಕಥೆಯೇ ಬೇರೆ. ಕಾಲುವೆಗಳು ಕುಡಿದು ಮುಗಿಸಿ ನೀರು ಕಿಲೋಮೀಟರುಗಟ್ಟಲೆ ಹಿಂದೆ ಸರಿದಿರುತ್ತದೆ. ಎರೆ ನೆಲ ಬಾಯಿಬಿಟ್ಟು, ಆ ಬಿರುಕುಗಳ ಆಚೆ ಎಲ್ಲೋ ಒಂದು ಬೆಳ್ಳಿಗೆರೆಯಷ್ಟು ನೀರು, ಅದರ ಮೇಲೆ ಚುಕ್ಕಿಯಂತೆ ಹರಿಗೋಲು. ಹಲವರು ಇದನ್ನು ನೋಡಿ ‘ಈಗೇನಿದೆ, ನೀರೇ ಇಲ್ಲವಲ್ಲ’ ಎಂದು ವಾಪಸಾಗುತ್ತಾರೆ. ನನಗೆ ಕೇಳಿದರೆ ಹಿನ್ನೀರಿನ ಅತ್ಯಂತ ಪ್ರಾಮಾಣಿಕ ಚಿತ್ರ ಸಿಗುವುದು ಆಗಲೇ. ಬಲೆ ಹೆಗಲಿಗೆ ಹಾಕಿಕೊಂಡು ಒಣನೆಲದ ಮೇಲೆ ನೀರು ಹುಡುಕುತ್ತ ನಡೆಯುವ ಮನುಷ್ಯ ತುಂಬಿದ ಜಲಾಶಯದಲ್ಲಿ ಕಾಣಸಿಗುವುದಿಲ್ಲ.

ಈ ಲೆಕ್ಕ ಪ್ರತಿ ವರ್ಷ ಒಂದೇ ಥರ ಇರುತ್ತದೆ ಎಂದುಕೊಳ್ಳಬಾರದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿ ತುಳುಕುತ್ತಿದ್ದ ನೀರನ್ನು ದಿನಗಟ್ಟಲೆ ಹೊರಬಿಡಬೇಕಾಯಿತು. ಹೂಳಿನ ಕಥೆಯೂ ಇದೆ. 133 ಟಿಎಂಸಿ ಅಡಿ ಹಿಡಿಯಬೇಕಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗದಲ್ಲಿ ಕೂತಿರುವುದು ಹೂಳು. ಅದು ಫೋಟೊಗ್ರಾಫರಿಗೆ ಅಂಕಿಯಷ್ಟೇ ಅಲ್ಲ, ಕಾಲ ಕೆಳಗಿನ ಅಪಾಯ. ನೀರು ಸರಿದ ಅಂಚಿನಲ್ಲಿ ಮೇಲೆ ಒಣಗಿ ಗಟ್ಟಿಯಾದಂತೆ ಕಾಣುವ ಪದರದ ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ದನಕರುಗಳು ನಡೆದ ಜಾಡಿನಲ್ಲಿ ಮಾತ್ರ ಹೆಜ್ಜೆ ಇಡಿ. ಜಾಡು ನಿಂತಲ್ಲಿ ನೀವೂ ನಿಲ್ಲಿ. ಟ್ರೈಪಾಡಿನ ಒಂದು ಕಾಲು ಊರಿ ನೋಡುವುದು ಇನ್ನೊಂದು ಉಪಾಯ. ನದಿಯಲ್ಲಿ ಮೊಸಳೆಗಳೂ ಇವೆ. ಮಂಡಿಯುದ್ದ ನೀರಿಗಿಳಿದು ಕೆಳಕೋನದ ಚಿತ್ರ ತೆಗೆಯುವ ಆಸೆಯನ್ನು ಊರವರನ್ನು ಕೇಳದೆ ತೀರಿಸಿಕೊಳ್ಳಬೇಡಿ.

ಬೆಳಕಿನ ವಿಷಯದಲ್ಲಿ ಈ ಸೀಮೆಗೆ ತನ್ನದೇ ಅನುಕೂಲವಿದೆ, ನಕ್ಷೆ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳಿಗೆ ತುಂಗಭದ್ರೆ ಪಶ್ಚಿಮದ ಗಡಿ. ಕುರುವತ್ತಿಯ ದಂಡೆಯಲ್ಲೋ ಮೈಲಾರದ ಕಡೆಯೋ ಹೊಳೆಗೆ ಮುಖಮಾಡಿ ನಿಂತರೆ ಬೆಳಗಿನ ಸೂರ್ಯ ಬೆನ್ನಿಗೆ, ಸಂಜೆಯ ಸೂರ್ಯ ಕಣ್ಣೆದುರಿಗೆ. ಅಂದರೆ ಬೆಳಗ್ಗೆ ಆಚೆ ದಡ, ಹರಿಗೋಲಿನ ಬಣ್ಣ, ಮುಖದ ಸುಕ್ಕು, ಮೀನಿನ ಹೊರೆ, ಎಲ್ಲ ನಿಚ್ಚಳ. ಸಂಜೆ ಇದೇ ಜಾಗದಲ್ಲಿ ಎಲ್ಲವೂ ಕಪ್ಪು ನೆರಳು, ನೀರು ಚಿನ್ನ. ಒಂದೇ ಜಾಗದಲ್ಲಿ ನಿಂತು ಎರಡು ಬಗೆಯ ಚಿತ್ರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಕಡೆಯ ಹಿನ್ನೀರು ಉತ್ತರಕ್ಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹೋಗುವುದರಿಂದ ಅಲ್ಲಿ ನಿಂತವರಿಗೆ ದಿನವಿಡೀ ಬೆಳಕು ಬೆನ್ನಿನಿಂದ ಅಥವಾ ಪಕ್ಕದಿಂದ ಬರುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಹತ್ತು ಗಂಟೆಯಾದರೂ ಚಿತ್ರ ಕೆಡುವುದಿಲ್ಲ. ಬೇಸಿಗೆಯಲ್ಲಿ ಈ ಔದಾರ್ಯವಿಲ್ಲ. ಈ ಊರುಗಳಿರುವುದು 15 ಡಿಗ್ರಿ ಅಕ್ಷಾಂಶದ ಆಸುಪಾಸು. ಮೇ ಮೊದಲ ದಿನಗಳಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ. ಟೋಪಿ ಹಾಕಿದವರ, ಟವೆಲ್ ಸುತ್ತಿದವರ ಮುಖದಲ್ಲಿ ಕಣ್ಣೇ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎಂಟೂವರೆಗೆ ಕ್ಯಾಮೆರಾ ಚೀಲಕ್ಕೆ ಹಾಕಿ, ಮಂಡಕ್ಕಿ ಮೆಣಸಿನಕಾಯಿ ತಿಂದು ನೆರಳಲ್ಲಿ ಮಲಗುವುದೇ ಜಾಣತನ.

ಇನ್ನು ದಾರ ಮತ್ತು ಬಲೆ. ಫ್ಲೈ ದಾರ ಒಂದು ಮಿಲಿಮೀಟರಿನಷ್ಟು ದಪ್ಪ. ಬೆಳ್ಳಗಿನ ಆಕಾಶದ ಎದುರು ಅದನ್ನು ಹಿಡಿದರೆ ಚಿತ್ರದಲ್ಲಿ ದಾರವೇ ಇರುವುದಿಲ್ಲ, ಮನುಷ್ಯ ಸುಮ್ಮನೆ ಕೋಲು ಬೀಸುತ್ತಿರುವಂತೆ ಕಾಣುತ್ತಾನೆ. ಹಿನ್ನೆಲೆಯಲ್ಲಿ ಕಪ್ಪು ಬೇಕು: ನೆರಳಿನಲ್ಲಿರುವ ದಡ, ಮರಗಳ ಸಾಲು, ಗುಡ್ಡದ ಮಗ್ಗುಲು. ಬೆಳಕು ಹಿಂದಿನಿಂದ ಬರಬೇಕು. ಆಗ ದಾರ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ, ಅದರಿಂದ ಸಿಡಿಯುವ ಹನಿಗಳೂ ಕಾಣುತ್ತವೆ. ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಬೇಡ. ಬೀಸುಬಲೆಗೂ ಇದೇ ಸೂತ್ರ. ಬಲೆ ಬೀಸುವವರ ಮೈಯನ್ನು ಗಮನಿಸಿ: ಬಲೆಯ ಒಂದು ಪಾಲು ಮೊಣಕೈ ಮೇಲೆ, ಒಂದು ಪಾಲು ಬಲಗೈಯಲ್ಲಿ, ಅಂಚಿನ ಒಂದು ಗುಂಡು ಹಲ್ಲಿನ ನಡುವೆ. ಸೊಂಟ ಹಿಂದಕ್ಕೆ ತಿರುಗಿ ಒಂದು ಕ್ಷಣ ನಿಲ್ಲುತ್ತದೆ. ಆ ನಿಂತ ಕ್ಷಣವೇ ಗುಂಡಿ ಒತ್ತಲು ಶುರುಮಾಡುವ ಸಮಯ. ಬಲೆ ಅರಳುವುದನ್ನು ಕಣ್ಣಾರೆ ಕಂಡ ಮೇಲೆ ಒತ್ತಿದರೆ ತಡವಾಯಿತು. ಕೈಬಿಟ್ಟ ಬಲೆ ನೀರು ಮುಟ್ಟುವುದು ಸೆಕೆಂಡಿನ ಆಸುಪಾಸು. ಅದರಲ್ಲಿ ಸುತ್ತಲಿನ ಸೀಸದ ಗುಂಡುಗಳು ಪೂರ್ತಿ ದುಂಡಗೆ ಹರಡಿ, ಇನ್ನೂ ಯಾವುದೂ ನೀರು ತಾಗದ ಗಳಿಗೆ ಒಂದೇ. ಹತ್ತು ಸಲ ಬೀಸಿದರೆ ಒಂದು ಸಲ ಸಿಕ್ಕೀತು. ಫೋಕಸ್ ಬಲೆಯ ಮೇಲೆ ಇಟ್ಟರೆ ಕ್ಯಾಮೆರಾ ಕಣ್ಣಿಗಳ ನಡುವಿನ ಖಾಲಿಯಲ್ಲಿ ತಡಕಾಡುತ್ತದೆ. ಬೀಸುವವರ ಎದೆಯ ಮೇಲೆ ಮೊದಲೇ ನಿಲ್ಲಿಸಿಡಿ.

ದೊಡ್ಡ ಕ್ಯಾಮೆರಾ ಇಲ್ಲದವರು ಈ ಕೆಲಸ ಮಾಡಲಾರರು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ದೂರದ ಹಕ್ಕಿಗೆ ಉದ್ದ ಲೆನ್ಸು ಬೇಕು, ಒಪ್ಪೋಣ. ಆದರೆ ದಡದ ಕೆಲಸಕ್ಕೆ, ಹರಿಗೋಲಿನೊಳಗಿನ ಚಿತ್ರಕ್ಕೆ ಮೊಬೈಲು ಕೆಲವೊಮ್ಮೆ ಮೇಲು. ಹರಿಗೋಲು ದುಂಡಗಿನ ಬುಟ್ಟಿ. ಹುಟ್ಟು ಹಾಕಿದರೆ ಮುಂದಕ್ಕೆ ಹೋಗುವಷ್ಟೇ ಸುತ್ತುತ್ತದೆ ಕೂಡ. ಅದರಲ್ಲಿ ನಿಂತು ಭಾರದ ಕ್ಯಾಮೆರಾ ಹಿಡಿಯುವವರು ನೀರಿಗೆ ಬೀಳುವ ಮುನ್ನ ಅಂಬಿಗರ ಬೈಗುಳಕ್ಕೆ ಬೀಳುತ್ತಾರೆ. ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮೊಬೈಲನ್ನು ಹರಿಗೋಲಿನ ಅಂಚಿನ ಮಟ್ಟಕ್ಕೆ ಇಳಿಸಿ, ಬೆಳಗುತ್ತಿರುವ ನೀರಿನ ಮೇಲೆ ಬೆರಳೊತ್ತಿ ಬೆಳಕನ್ನು ಅಲ್ಲಿಗೇ ಕಟ್ಟಿಹಾಕಿ, ಸ್ವಲ್ಪ ಕತ್ತಲು ಮಾಡಿಕೊಳ್ಳಿ. ತಾನಾಗಿ ಬಿಟ್ಟರೆ ಮೊಬೈಲು ಎದುರು ಬೆಳಕಿನಲ್ಲಿ ಮನುಷ್ಯನನ್ನು ಬಿಳಿಚಿಸಿ ನೀರನ್ನು ಸುಟ್ಟುಬಿಡುತ್ತದೆ. ಹುಟ್ಟು ಹಾಕುವವರು ಸುತ್ತು ತಿರುಗಿಸುವಾಗ ಹಿನ್ನೆಲೆ ತಾನೇ ಬದಲಾಗುತ್ತದೆ: ದಡ, ಗುಡ್ಡ, ಸೂರ್ಯ, ಮತ್ತೆ ದಡ. ಬೇಕಾದದ್ದು ಬರುವವರೆಗೆ ಕಾಯುವುದಷ್ಟೇ ಕೆಲಸ. ಲೈಫ್ ಜಾಕೆಟ್ ನಿಮ್ಮ ಹೊಣೆ, ಅವರದಲ್ಲ, ಮನೆಯಿಂದಲೇ ತನ್ನಿ.

ನೀರಿನ ಮೇಲಿನ ಹೊಳಪು ಇನ್ನೊಂದು ತಲೆನೋವು. ಪೋಲರೈಸರ್ ಫಿಲ್ಟರು ಅದನ್ನು ಕಳೆಯುತ್ತದೆ, ಆದರೆ ಎಲ್ಲ ಕೋನದಲ್ಲೂ ಅಲ್ಲ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದರ ಕೆಲಸ ಗರಿಷ್ಠ. ಕಣ್ಣಳತೆಯಲ್ಲಿ ದೂರದ ನೀರಿಗೆ ಹಿಡಿದರೆ ಅಷ್ಟಕ್ಕಷ್ಟೆ. ದಡದ ದಿಬ್ಬದ ಮೇಲೆ ನಿಂತು ಹತ್ತಿರದ ನೀರು ನೋಡಿದರೆ ತಳದ ಕಲ್ಲು, ಬಲೆಯ ಕಣ್ಣಿ, ಸರಿದಾಡುವ ಮರಿಗಳು ಕಾಣುತ್ತವೆ. ಇದಕ್ಕೆ ತೆರುವ ಬೆಲೆ ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕು; ಮೋಡದ ಬೆಳಗಿನಲ್ಲಿ ಫಿಲ್ಟರು ಬಿಚ್ಚಿಡಿ. ಕೆಲವು ವರ್ಷ ಮಳೆಗಾಲ ಕಳೆದ ಮೇಲೆ ಪಾಚಿ ಬೆಳೆದು ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ್ದು ಸುದ್ದಿಯಾಗಿದೆ. ಅಂಥ ನೀರನ್ನು ಕಂಪ್ಯೂಟರಿನಲ್ಲಿ ನೀಲಿ ಮಾಡುವವರಿದ್ದಾರೆ. ಮಾಡಬೇಡಿ. ಹಸಿರು ನೀರು ಆ ವರ್ಷದ ನೀರಿನ ಸುದ್ದಿ. ಅದನ್ನು ತೊಳೆದುಬಿಟ್ಟರೆ ಚಿತ್ರದಲ್ಲಿ ಉಳಿಯುವುದು ಕ್ಯಾಲೆಂಡರು.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ದಡದ ಜನರದು. ‘ನೀವು ಸೆಕೆಂಡುಗಳ ಲೆಕ್ಕ ಹೇಳುತ್ತೀರಿ, ನಮಗೆ ಮೀನೇ ಹೊಟ್ಟೆಪಾಡು, ಹಿಡಿದದ್ದನ್ನು ಬಿಡಲಿಕ್ಕೆ ಬಲೆ ಬೀಸುತ್ತೇವೆಯೇ?’ ಎಂದು ಅವರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಕೊಡಬೇಕಾಗಿಯೂ ಇಲ್ಲ. ಬಿಡುವ ನಿಯಮ ಹವ್ಯಾಸಕ್ಕೆ ಹಿಡಿಯುವವರದು. ಮಾರಲು ಹಿಡಿದ ಕಟ್ಲಾ, ರೋಹುವಿನ ಚಿತ್ರ ಬೇರೆ ಜಾತಿಯದು. ಅದರಲ್ಲಿ ಮೀನು ಇರಲೇಬೇಕು, ಏಕೆಂದರೆ ಅದು ಆ ಬೆಳಗಿನ ಕೂಲಿ. ಆದರೆ ಅಲ್ಲಿಯೂ ಚಿತ್ರ ಮೊದಲೇ ಶುರುವಾಗುತ್ತದೆ. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ಎತ್ತುವ ಕೈ, ಬಲೆಯ ಗುರುತಿಗೆ ತೇಲಿಬಿಟ್ಟ ಪ್ಲಾಸ್ಟಿಕ್ ಬಾಟಲಿ, ಹರಿದ ಕಣ್ಣಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುವ ಹೆಂಗಸು, ತಕ್ಕಡಿ ಹಿಡಿದು ದಡದಲ್ಲಿ ಕಾಯುವ ವ್ಯಾಪಾರಿ. ಇವರ್ಯಾರೂ ನಿಮ್ಮ ಚಿತ್ರಕ್ಕೆಂದು ಬಂದವರಲ್ಲ. ದೂರದಿಂದ ಉದ್ದ ಲೆನ್ಸಿನಲ್ಲಿ ಕದ್ದು ತೆಗೆಯುವ ಬದಲು ಮುಂಚಿನ ಸಂಜೆಯೇ ಹೋಗಿ ‘ಯಜಮಾನ್ರೇ, ನಾಳೆ ಎಷ್ಟೊತ್ತಿಗೆ ಇಳಿತೀರಿ? ಫೋಟೊ ತೆಗೀಬಹುದಾ?’ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಹರಿಗೋಲಿನಲ್ಲಿ ಕೂರಿಸಿಕೊಂಡರೆ ಅವರ ಒಂದು ಬೆಳಗಿನ ದುಡಿಮೆಗೆ ತಕ್ಕ ಹಣ ಕೊಡಿ. ಕೂತ ನಿಮ್ಮ ಭಾರಕ್ಕೆ ಅಷ್ಟು ಬಲೆ ಕಡಿಮೆ ಒಯ್ದಿರುತ್ತಾರೆ. ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಸುಪರ್ದಿ, ಕೆರೆಗಳದು ಗುತ್ತಿಗೆ. ಗಾಳ ಹಾಕುವ ಮುನ್ನ ಪರವಾನಗಿ ಯಾರಿಂದ ಎಂದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಗುತ್ತಿಗೆದಾರರ ಮೀನಿಗೆ ನೀವು ಹವ್ಯಾಸಿಯೋ ಕಳ್ಳರೋ ಎಂದು ಗೊತ್ತಾಗದಿದ್ದರೂ ಗುತ್ತಿಗೆದಾರರಿಗೆ ಗೊತ್ತಾಗುತ್ತದೆ.

ಅಂಕಸಮುದ್ರದ ಮಾತು ಬೇರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ 98.76 ಹೆಕ್ಟೇರಿನ ಪಕ್ಷಿ ಸಂರಕ್ಷಣಾ ಮೀಸಲು; 2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಯೊಂದಿಗೆ ರಾಮ್ಸಾರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಣೆಯಾಯಿತು. ನೀರಿನಲ್ಲೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲುಗಳ ಸಂಸಾರ. ಇಲ್ಲಿ ಮೀನು ಹಿಡಿಯುವ ಅತಿ ನುರಿತ ಕೈಗಳು ಹಕ್ಕಿಗಳದ್ದೇ, ಗಾಳದ ಚಿತ್ರ ಕಲಿಯುವವರಿಗೆ ಇವು ಗುರುಗಳು. ಬಣ್ಣದ ಕೊಕ್ಕರೆ ಕಣ್ಣಿನಿಂದ ಬೇಟೆಯಾಡುವುದು ಕಡಿಮೆ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ, ಮೀನು ತಾಗಿದೊಡನೆ ಕಚ್ಚುತ್ತದೆ. ಅದರ ತಲೆ ಮೇಲೇಳುವ ಗಳಿಗೆಗೆ ಕಾಯುವುದು ಬಲೆಯ ಗಳಿಗೆಗೆ ಕಾಯುವಷ್ಟೇ ತಾಳ್ಮೆಯ ಕೆಲಸ. ಹಕ್ಕಿ ನಿಮ್ಮತ್ತ ತಿರುಗಿ ನೋಡಿದರೆ ನೀವು ಹತ್ತಿರವಾದಿರಿ. ಗೂಡಿನಿಂದ ಎದ್ದರೆ ಅಪರಾಧವೇ ಮಾಡಿದಿರಿ, ಆ ಬಿಸಿಲಿಗೆ ಮರಿ ಬೇಯಲು ಹೆಚ್ಚು ಹೊತ್ತು ಬೇಡ. ಡ್ರೋನ್ ಹಾರಿಸುವ ಯೋಚನೆಯನ್ನು ಇಲ್ಲಿಯೂ ಅಣೆಕಟ್ಟೆಯ ಬಳಿಯೂ ಬಿಟ್ಟುಬಿಡಿ. ಜಾಗದ ಗುರುತನ್ನು ಚಿತ್ರದೊಂದಿಗೆ ಹಂಚಬೇಕೇ ಎಂಬುದರಲ್ಲಿ ಎರಡು ಮಾತಿದೆ. ಹೆಸರು ಬಂದರೆ ತಾನೇ ಕೆರೆಗೆ ಹಣ, ಕಾವಲು, ಕಾಳಜಿ ಬರುವುದು ಎನ್ನುತ್ತಾರೆ. ಅಂಕಸಮುದ್ರಕ್ಕೆ ಬಂದ ಮಾನ್ಯತೆ ಅದಕ್ಕೆ ಪುಷ್ಟಿ. ಗುರುತು ಸಿಕ್ಕರೆ ಜನ ಗೂಡಿನವರೆಗೂ ಬಂದುಬಿಡುತ್ತಾರೆ ಎಂಬುದು ಇನ್ನೊಂದು ಮಾತು. ಹಾಗಾಗಿ ಕೆರೆಯ ಹೆಸರು ಹೇಳಿ. ಗೂಡಿರುವ ಮರ, ಮೀನು ಮೊಟ್ಟೆಯಿಡುವ ಮಡುವು, ಅವುಗಳ ನಿಖರ ಗುರುತು ಬೇಡ. ಮೊಬೈಲು ತಾನಾಗಿ ಅಂಟಿಸುವ ಸ್ಥಳದ ಮಾಹಿತಿಯನ್ನು ಹಂಚುವ ಮೊದಲು ತೆಗೆದುಹಾಕುವುದು ಒಂದು ನಿಮಿಷದ ಕೆಲಸ.

ಕೂಡ್ಲಿಗಿ, ಕೊಟ್ಟೂರು ತಾಲ್ಲೂಕುಗಳಿಗೆ ತುಂಗಭದ್ರೆಯಂಥ ಹೊಳೆಯಿಲ್ಲ, ಇರುವುದು ಕೆರೆಗಳು. ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ನೆನೆದರೆ, ವರ್ಷಗಟ್ಟಲೆ ಒಣಗಿದ್ದ ಅಂಗಳಕ್ಕೆ ನೀರು ಬಂದು, ಮೀನುಮರಿ ಬಿಟ್ಟು, ಮೊದಲ ಬಲೆ ಬೀಳುವವರೆಗಿನ ಕಥೆ ಚಿತ್ರಗಾರರ ಪಾಲಿಗೆ ಹಬ್ಬ. ಒಂದೇ ಏರಿಯ ಮೇಲೆ, ಒಂದೇ ಕಲ್ಲಿನ ಪಕ್ಕ ನಿಂತು ತಿಂಗಳಿಗೊಂದು ಚಿತ್ರ ತೆಗೆದರೂ ಸಾಕು. ದೂರದ ಕಾಡಿಗೇ ಹೋಗಬೇಕೆಂದೇನಿಲ್ಲ.

ಇಷ್ಟರ ಮೇಲೂ ಮೀನಿಲ್ಲದ ಚಿತ್ರವನ್ನು ಯಾರು ನೋಡುತ್ತಾರೆ ಎನ್ನುವವರಿಗೆ: ತೆಗೆಯಿರಿ, ಒಂದನ್ನು. ಕ್ಯಾಮೆರಾ ಸಿದ್ಧವಾಗಿ, ಬೆಳಕು ನೋಡಿಕೊಂಡು, ಫೋಕಸ್ ಕೂರಿಸಿದ ಮೇಲೆ ಮೀನು ಹಿಡಿದವರಿಗೆ ಸನ್ನೆ ಮಾಡಿ. ಅಲ್ಲಿಯವರೆಗೆ ಮೀನು ನೀರಿನೊಳಗೇ ಇರಲಿ. ಕೈ ಒದ್ದೆಯಿರಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅದೇ ಅದಕ್ಕೆ ರೋಗ ತಡೆಯುವ ಹೊದಿಕೆ. ನೀರಿನಿಂದ ಒಂದು ಗೇಣು ಮೇಲಕ್ಕೆ ಎತ್ತಿ, ಹನಿಗಳು ಉದುರುತ್ತಿರುವಾಗಲೇ ತೆಗೆದು, ಹತ್ತು ಸೆಕೆಂಡಿನೊಳಗೆ ಇಳಿಸಿ. ಉದುರುವ ಹನಿ ನಿಂತಿತೆಂದರೆ ಹೊತ್ತಾಯಿತೆಂದೇ ಅರ್ಥ. ಇದಕ್ಕಿಂತ ಒಳ್ಳೆಯದು ಬಿಡುವ ಚಿತ್ರ: ಕೈಯನ್ನು ನೀರಿನೊಳಗೇ ಇಟ್ಟು, ಮೊಬೈಲನ್ನು ನೀರಿನ ಮಟ್ಟಕ್ಕೆ ತಂದು, ಬಾಲ ಬೆರಳುಗಳ ನಡುವಿನಿಂದ ಜಾರುವಾಗ.

ಮನೆಗೆ ಬಂದ ರಾತ್ರಿಯೇ ಅಡಿಬರಹ ಬರೆಯಿರಿ, ವಾರ ಬಿಟ್ಟರೆ ಮರೆತುಹೋಗುತ್ತದೆ. ಊರು, ದಿನ, ಗಂಟೆ, ಬಲೆಯೋ ಗಾಳವೋ, ಎಷ್ಟು ಹೊತ್ತು ಕಾದದ್ದು, ಸಿಕ್ಕ ಮೀನು ಯಾವುದು, ಏನೂ ಸಿಗದಿದ್ದರೆ ಅದೂ. ಅದರ ಜೊತೆಗೆ ಅಂದಿನ ಪತ್ರಿಕೆಯ ಒಳಪುಟದಲ್ಲಿ ಜಲಾಶಯಗಳ ಮಟ್ಟ ಎಂದು ಸಣ್ಣ ಅಕ್ಷರದಲ್ಲಿ ಬರುವ ಪಟ್ಟಿಯಿಂದ ತುಂಗಭದ್ರೆಯ ಸಾಲನ್ನು ನೋಡಿ, ಅಷ್ಟು ಅಡಿ ಎಂದು ಒಂದು ಅಂಕಿ ಸೇರಿಸಿ.